ಹಲಸಿನ ಮೇಣವೂ ಕಾರಿನ ಅಂಟೂ

ಸಾಮಾನ್ಯವಾಗಿ ಈ ಪುಟಕ್ಕೆ ನಿಮ್ಮಿಂದ ಬರುವ ಪ್ರಶ್ನೆಗಳು ನನಗೆ ಬಾಯಿಪಾಠ. ಮಾವಿನಕಾಯಿ ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡುವುದು, ರೇಷ್ಮೆ ಸೀರೆಯ ಮೇಲೆ ಎಣ್ಣೆ ಬಿದ್ದರೆ ಹೇಗೆ ತೆಗೆಯುವುದು, ಅಕ್ಕಿಗೆ ಹುಳು ಹಿಡಿಯದ ಹಾಗೆ ಏನು ಹಾಕುವುದು, ಇಂಥವೇ. ಆದರೆ ಈ ಸಲ ಅರಸೀಕೆರೆ ಕಡೆಯ ಸೋದರಿಯೊಬ್ಬರು ಕಾರಿನ ವಿಷಯ ಕೇಳಿ ಕಾಗದ ಬರೆದಿದ್ದಾರೆ. ಓದಿ ನಗು ಬಂತು. ಓದುತ್ತಾ ಹೋದ ಹಾಗೆ ನಗು ನಿಂತೂಹೋಯಿತು. ಯಾಕೆನ್ನುತ್ತೀರಾ? ಮುಂದೆ ಹೇಳುತ್ತೇನೆ.

ಅವರು ಬರೆದದ್ದು ಹೀಗೆ: "ಐದು ವರ್ಷ ಕಟ್ಟಿದ ಚೀಟಿಯ ಹಣ ಸೇರಿಸಿ ನಾವು ಒಂದು ಹಳೆಯ ಕಾರು ತೆಗೆದುಕೊಂಡಿದ್ದೇವೆ. ಮೊದಲಿನ ಯಜಮಾನರು ಡಾಕ್ಟರು. ಕಾರಿನ ಹಿಂದೆ ಮುಂದೆ ಅವರ ಸ್ಟಿಕ್ಕರುಗಳಿವೆ. ಒಂದೆರಡನ್ನು ಕಿತ್ತೆ, ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು. ಉಳಿದ ಅಂಟಿನ ಮೇಲೆ ಧೂಳು ಕೂತು ಕಪ್ಪು ಹಿಡಿದು ಹೊಲಸಾಗಿ ಕಾಣುತ್ತಿದೆ. ಪಾತ್ರೆ ತಿಕ್ಕುವ ನಾರಿನಲ್ಲಿ ತಿಕ್ಕಲೇ ಎಂದರೆ ಬಣ್ಣ ಹೋದೀತೆಂದು ಭಯ. ಡಾಕ್ಟರ್ ಗುರುತನ್ನು ಮಾತ್ರ ನಮ್ಮ ಮನೆಯವರು ತೆಗೆಯಲು ಬಿಡುತ್ತಿಲ್ಲ. 'ಇರಲಿ ಬಿಡೆ, ಅದು ಇದ್ರೆ ಪೊಲೀಸರು ನಿಲ್ಲಿಸೋಲ್ಲ, ನಾಲ್ಕು ಜನರೆದುರು ಮರ್ಯಾದೆನೂ ಇರುತ್ತೆ' ಅಂತಾರೆ. ತಾವೇನು ಹೇಳುತ್ತೀರಿ?"

ಏನು ಹೇಳಲಿ ತಾಯಿ? ಇದೇ ಮಾತನ್ನು ಇದೇ ಧಾಟಿಯಲ್ಲಿ ನಮ್ಮ ಮನೆಯವರೂ ಹೇಳಿದ್ದರು. ಆ ಕಥೆ ಕೇಳಿ. ಆಮೇಲೆ ಅಂಟು ಬಿಡಿಸುವ ಬಗೆಯನ್ನು ಒಂದೊಂದಾಗಿ ಹೇಳುತ್ತೇನೆ.

2012ರಲ್ಲಿ ನಾವು ಒಂದು ಹಳೆಯ ಮಾರುತಿ 800 ಕೊಂಡೆವು. ನೀಲಿ ಬಣ್ಣದ್ದು. ನಮಗೆ ಅದೇ ಪುಷ್ಪಕ ವಿಮಾನ! ನಮಗಿಂತ ಮುಂಚೆ ಅದು ಶಿವಮೊಗ್ಗದ ಒಬ್ಬ ವಯಸ್ಸಾದ ಡಾಕ್ಟರದು. ಹಿಂದಿನ ಗಾಜಿನ ಮೇಲೆ ಒಂದು, ಡಿಕ್ಕಿಯ ತಗಡಿನ ಮೇಲೆ ಅಂಗೈಯಗಲದ್ದು ಇನ್ನೊಂದು, ಹೀಗೆ ಎರಡು ಕಡೆ ಕೆಂಪು ಕ್ರಾಸಿನ ಗುರುತು, ಕೆಳಗೆ 'ಡಾಕ್ಟರ್' ಎಂಬ ಅಕ್ಷರ. ನಾನು ತೆಗೆಯೋಣವೆಂದೆ. ಮಂಡಿಯಲ್ಲಿ ಅಡಿಕೆ ಲೆಕ್ಕ ಬರೆಯುವ ನಮ್ಮ ಮನೆಯವರಿಗೆ ಅದು ಇದ್ದದ್ದೇ ಇಷ್ಟವಾಯಿತು. "ಅದೇನು ನಿನಗೆ ಅನ್ನ ಕೇಳ್ತದಾ? ಇರಲಿ ಬಿಡು" ಎಂದರು. ನಾನೂ ಸುಮ್ಮನಾದೆ. ನಿಜ ಹೇಳಬೇಕೆಂದರೆ, ಪೇಟೆಯಲ್ಲಿ ಇಳಿಯುವಾಗ ಜನ ತಿರುಗಿ ನೋಡುತ್ತಿದ್ದದ್ದು ನನಗೂ ಸ್ವಲ್ಪ ಹಿತವಾಗಿಯೇ ಇತ್ತು.

ಅದೇ ವರ್ಷ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಒಂದು ಮದುವೆ ಮುಗಿಸಿಕೊಂಡು ರಾತ್ರಿ ತೀರ್ಥಹಳ್ಳಿಗೆ ವಾಪಸು ಬರುತ್ತಿದ್ದೆವು. ಮಂಡಗದ್ದೆ ದಾಟಿದ ಮೇಲೆ ಹಿಂದಿನಿಂದ ಒಂದು ಮೋಟಾರ್ ಬೈಕು ಒಂದೇ ಸಮನೆ ಹಾರನ್ ಮಾಡುತ್ತಾ ಬಂತು. ದಾರಿ ಬಿಟ್ಟರೂ ಮುಂದೆ ಹೋಗುತ್ತಿಲ್ಲ. ಕೊನೆಗೆ ನಮ್ಮ ಪಕ್ಕಕ್ಕೇ ಬಂದು ಕೈ ಅಡ್ಡ ಮಾಡಿ ನಿಲ್ಲಿಸಿದರು. ಗಂಡ, ಹೆಂಡತಿ, ಹೆಂಡತಿಯ ಮಡಿಲಲ್ಲಿ ಟವೆಲ್ಲು ಸುತ್ತಿದ ಮೂರು ನಾಲ್ಕು ವರ್ಷದ ಮಗು. ಆತ ಓಡಿಬಂದು ಗಾಜು ಬಡಿದು, "ಡಾಕ್ಟ್ರೇ, ಡಾಕ್ಟ್ರೇ, ಒಂಚೂರು ನೋಡಿ, ಮಗು ಕಣ್ಣು ಮೇಲೆ ಮಾಡ್ತಾ ಇದೆ" ಎಂದ. ಬೈಕಿನ ದೀಪದ ಬೆಳಕಿನಲ್ಲಿ ನಮ್ಮ ಕಾರಿನ ಹಿಂದಿದ್ದ ಗುರುತನ್ನು ನೋಡಿಕೊಂಡೇ ಬೆನ್ನು ಹತ್ತಿದ್ದರು.

ನಮ್ಮ ಮನೆಯವರಿಗೆ ಮಾತೇ ಹೊರಡಲಿಲ್ಲ. "ನಾನು ಡಾಕ್ಟರಲ್ಲ ಮಾರಾಯ್ರೆ... ಮಂಡೀಲಿ ಲೆಕ್ಕ ಬರೆಯೋನು" ಎಂದರು. ಆ ತಾಯಿ ನನ್ನ ಮುಖ ನೋಡಿದಳು ನೋಡಿ, ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಬೈಗುಳವಲ್ಲ, ಸಿಟ್ಟಲ್ಲ. ಕೈಗೆ ಸಿಕ್ಕಿದ ಹಗ್ಗ ಕಡಿದು ಬಂದರೆ ಹೇಗಿರುತ್ತದೋ ಹಾಗೆ.

ತಾಯಿ ಮಗುವನ್ನು ಕಾರಿಗೆ ಹತ್ತಿಸಿಕೊಂಡು ತೀರ್ಥಹಳ್ಳಿಯ ಆಸ್ಪತ್ರೆಗೆ ಬಂದೆವು. ಜ್ವರ ಹೆಚ್ಚಾಗಿ ಫಿಟ್ಸ್ ಬಂದಿತ್ತು. ದೇವರ ದಯೆ, ಬೆಳಗಿನ ಹೊತ್ತಿಗೆ ಮಗು ಕಣ್ಣು ಬಿಟ್ಟು ಹಾಲು ಕೇಳಿತು. (ಅಲ್ಲಿನ ಡಾಕ್ಟರಮ್ಮ ಹೇಳಿದ ಮಾತನ್ನು ನಿಮಗೂ ಹೇಳಿಬಿಡುತ್ತೇನೆ. ಮಗುವಿಗೆ ಹಾಗಾದಾಗ ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.) ಆದರೆ ರಸ್ತೆಯಲ್ಲಿ ನಮ್ಮ ಕಾರನ್ನು ನಿಲ್ಲಿಸುವುದರಲ್ಲಿ, ನಾವು ಡಾಕ್ಟರಲ್ಲವೆಂದು ತಿಳಿಸಿ ಹೇಳುವುದರಲ್ಲಿ ಎಷ್ಟು ಹೊತ್ತು ಹಾಳಾಯಿತು! ಆ ಗುರುತು ಇಲ್ಲದಿದ್ದರೆ ಅವರು ನೇರ ಆಸ್ಪತ್ರೆಗೇ ಹೋಗುತ್ತಿದ್ದರಲ್ಲವೇ?

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಬಿಳಿಯ ಮೇಲಿನ ಕೆಂಪು ಕ್ರಾಸು ಡಾಕ್ಟರುಗಳ ಗುರುತೇ ಅಲ್ಲವಂತೆ! ಯುದ್ಧದಲ್ಲಿ ಗಾಯಗೊಂಡವರನ್ನೂ ಅವರ ಆರೈಕೆ ಮಾಡುವವರನ್ನೂ ಕಾಪಾಡಲೆಂದು 1864ರಲ್ಲಿ ಜಿನೀವಾದಲ್ಲಿ ದೇಶದೇಶಗಳು ಸೇರಿ ಒಪ್ಪಿಕೊಂಡ ಗುರುತು ಅದು. ಸೈನ್ಯದ ವೈದ್ಯಕೀಯ ದಳ, ರೆಡ್ ಕ್ರಾಸ್ ಸಂಸ್ಥೆ, ಇಂಥವರಿಗೇ ಮೀಸಲು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ. ಡಾಕ್ಟರೇ ಹಾಗೆ ಹಾಕಿಕೊಳ್ಳುವಂತಿಲ್ಲ ಎಂದ ಮೇಲೆ ಅಡಿಕೆ ಲೆಕ್ಕ ಬರೆಯುವವರ ಪಾಡೇನು! ಪ್ರೆಸ್, ಪೊಲೀಸ್, ವಕೀಲರು ಎಂಬ ಪಟ್ಟಿಗಳ ಮಾತೂ ಅಷ್ಟೆ. ನಮ್ಮದಲ್ಲದ ಹೆಸರು ಹೊತ್ತು ತಿರುಗಿದರೆ ಎಂದೋ ಒಂದು ದಿನ ಯಾರೋ ಅದನ್ನು ನಂಬಿ ಬಂದೇ ಬರುತ್ತಾರೆ.

ಹಾಗಾಗಿ ಸೋದರಿ, ಮೊದಲ ಪ್ರಶ್ನೆಗೆ ನನ್ನ ಉತ್ತರ ಒಂದೇ: ತೆಗೆಯಿರಿ. ನಿಮ್ಮ ಯಜಮಾನರಿಗೆ ಈ ಪುಟವನ್ನು ಓದಲು ಕೊಡಿ.

ಈಗ ಎರಡನೆಯ ಪ್ರಶ್ನೆ, ಹೇಗೆ ತೆಗೆಯುವುದು. ಇಲ್ಲಿ ನಮ್ಮ ಕಥೆಯ ಎರಡನೆಯ ಅಧ್ಯಾಯವಿದೆ. ಆಸ್ಪತ್ರೆಯಿಂದ ಬಂದವರೇ ನಮ್ಮ ಮನೆಯವರು ಮುಖ ತೊಳೆಯಲಿಲ್ಲ, ಕಾಫಿ ಕುಡಿಯಲಿಲ್ಲ. ಅಡಿಗೆಮನೆಯ ಚಾಕು ತೆಗೆದುಕೊಂಡು ಹೋಗಿ ಆ ಗುರುತನ್ನು ಹೆರೆದರು. ಗಾಜಿನ ಮೇಲಿನದು ಹೇಗೋ ಬಂತು. ತಗಡಿನ ಮೇಲಿನದಕ್ಕೆ ಚಾಕು ಸಾಲದೆ ಉಕ್ಕಿನ ನಾರು ಹಾಕಿ ತಿಕ್ಕಿದರು. ಸ್ಟಿಕ್ಕರು ಹೋಯಿತು, ಜತೆಗೆ ಬಣ್ಣವೂ ಹೋಯಿತು! ಪಶ್ಚಾತ್ತಾಪದ ಕೈ, ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ. ಜೂನ್ ಬಂತು, ಮಲೆನಾಡಿನ ಮಳೆ ಹಿಡಿಯಿತು, ಗೀರಿದ ಜಾಗವೆಲ್ಲ ತುಕ್ಕು ಹಿಡಿದು ಕೆಂಪಾಯಿತು. ಕೆಂಪು ಕ್ರಾಸು ತೆಗೆದ ಜಾಗದಲ್ಲಿ ಕೆಂಪು ತುಕ್ಕು! ಬಣ್ಣ ಹೊಡೆಸಲು ಎರಡು ಸಾವಿರ ರೂಪಾಯಿ ಆಯಿತು. ಒಂದು ಬಟ್ಟಲು ಕೊಬ್ಬರಿ ಎಣ್ಣೆಯಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ಕೊಬ್ಬರಿ ಎಣ್ಣೆಯೇ ಎಂದು ಹುಬ್ಬೇರಿಸಬೇಡಿ. ಹಲಸಿನ ಹಣ್ಣು ಬಿಡಿಸುವಾಗ ನೀವೇನು ಮಾಡುತ್ತೀರಿ? ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತೀರಲ್ಲವೇ? ಮೇಣ ಕೈಗೆ ಹತ್ತಿದರೆ ನೀರು ಹಾಕಿ ಎಷ್ಟು ತೊಳೆದರೂ ಹೋಗದು. ಎಣ್ಣೆ ಹಚ್ಚಿ ಉಜ್ಜಿದರೆ ಉಂಡೆಯಾಗಿ ಬಂದುಬಿಡುತ್ತದೆ. ಇನ್ನು ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿದ ಚೀಟಿ? ಪಾತ್ರೆಯನ್ನು ಒಳಗಡೆಯಿಂದ ಒಂದು ಕ್ಷಣ ಉರಿಗೆ ತೋರಿಸಿದರೆ ಚೀಟಿ ತಾನಾಗಿ ಸಿಪ್ಪೆಯ ಹಾಗೆ ಏಳುತ್ತದೆ. ಕಾರಿನ ಸ್ಟಿಕ್ಕರಿನ ಗುಟ್ಟೂ ಇವೆರಡೇ. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಎಣ್ಣೆಗೆ ಹಿಡಿತ ಬಿಡುತ್ತದೆ. ಗಂಡಸರಿಗೆ ಚಾಕು ನೆನಪಾಗುತ್ತದೆ, ನಮಗೆ ಹಲಸು ನೆನಪಾಗಬೇಕು, ಅಷ್ಟೆ. (ಕಾರಿಗೆ ಮಾತ್ರ ಉರಿ ತೋರಿಸಲು ಹೋಗಬೇಡಿ ಮತ್ತೆ!)

ಬೇಕಾಗುವ ಸಾಮಾನುಗಳು

ಬಿಸಿನೀರು ಒಂದು ಬಕೆಟ್ಟು, ಹಳೆಯ ಟವೆಲ್ಲು ಒಂದು, ಮೆತ್ತನೆಯ ಹತ್ತಿಬಟ್ಟೆ ನಾಲ್ಕೈದು ತುಂಡು (ಹಳೆಯ ಬನಿಯನ್ ಆದರೆ ಬಹಳ ಒಳ್ಳೆಯದು, ಗುಂಡಿ ಜಿಪ್ಪು ಇರಬಾರದು), ಕೊಬ್ಬರಿ ಎಣ್ಣೆ ಅಥವಾ ಅಡಿಗೆಗೆ ಬಳಸುವ ಯಾವುದಾದರೂ ಎಣ್ಣೆ ಒಂದು ಸಣ್ಣ ಬಟ್ಟಲು, ನೀಲಗಿರಿ ಎಣ್ಣೆ ಒಂದು ಸಣ್ಣ ಶೀಷೆ, ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ಸ್ವಲ್ಪ, ಉಪಯೋಗಕ್ಕೆ ಬಾರದ ಪ್ಲಾಸ್ಟಿಕ್ ಕಾರ್ಡು ಒಂದು, ನೈಲಾನ್ ದಾರ ಎರಡು ಮೊಳ, ಸೋಪಿನ ನೀರು. ಮನೆಯಲ್ಲಿ ಹೆಣ್ಣುಮಕ್ಕಳ ಹೇರ್ ಡ್ರೈಯರ್ ಇದ್ದರೆ ಅದನ್ನೂ ತೆಗೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡುವಾದ ಒಂದು ಮಧ್ಯಾಹ್ನ.

ಮಾಡುವ ವಿಧಾನ

ಮೊದಲು ಕಾರನ್ನು ಚೆನ್ನಾಗಿ ತೊಳೆದು ಒರೆಸಿ. ಇದನ್ನು ಬಿಡಬೇಡಿ. ಧೂಳು ಮರಳಿನ ಕಣಗಳಿರುವಾಗಲೇ ಉಜ್ಜಿದರೆ ಬಟ್ಟೆಯೇ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ. ಕಾರಿನ ಬಣ್ಣ ಎಷ್ಟು ದಪ್ಪವಿರುತ್ತದೆ ಎಂದುಕೊಂಡಿದ್ದೀರಿ? ಒಳಗಿನ ಲೇಪ, ಬಣ್ಣ, ಮೇಲಿನ ಹೊಳಪಿನ ಪದರ ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು. ಹತ್ತಿರ ಹತ್ತಿರ ಒಂದು ಹಾಳೆ ಕಾಗದದ ದಪ್ಪ! ಅದು ಹರಿದರೆ ಒಳಗೆ ಕಬ್ಬಿಣ, ಕಬ್ಬಿಣಕ್ಕೆ ನೀರು ಸೋಕಿದರೆ ತುಕ್ಕು.

ತೊಳೆದ ಮೇಲೆ ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ, ಆಮೇಲೆ ನೆರಳಿಗೆ ತನ್ನಿ. ಟವೆಲ್ಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸ್ಟಿಕ್ಕರಿನ ಮೇಲೆ ಒತ್ತಿ ಹಿಡಿಯಿರಿ. ಆರಿದರೆ ಮತ್ತೆ ಅದ್ದಿ. ಮೂರು ನಾಲ್ಕು ಸಲ ಹೀಗೆ ಮಾಡಿ. ಹೇರ್ ಡ್ರೈಯರ್ ಇದ್ದರೆ ಒಂದು ಗೇಣು ದೂರದಲ್ಲಿ ಹಿಡಿದು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಂದೆರಡು ನಿಮಿಷ ಬಿಸಿಗಾಳಿ ಬಿಡಿ. ಒದ್ದೆ ಕೈಯಲ್ಲಿ ಅದನ್ನು ಮುಟ್ಟಕೂಡದು. ಬಿಸಿ ಎಷ್ಟಿರಬೇಕು? ನಮ್ಮ ಅಂಗೈ ತಾಳುವಷ್ಟು. ಅಂಗೈ ಹಿಂದೆಗೆದರೆ ಕಾರಿನ ಬಣ್ಣಕ್ಕೂ ಹೆಚ್ಚಾಯಿತೆಂದೇ ಲೆಕ್ಕ. ಗಾಜಿನ ಮೇಲೆ ಮಾತ್ರ ಕುದಿಯುವ ನೀರನ್ನು ಎಂದಿಗೂ ಸುರಿಯಬೇಡಿ. ತಣ್ಣಗಿದ್ದ ಗಾಜು ಒಮ್ಮೆಲೇ ಬಿಸಿಯಾದರೆ ಬಿರುಕು ಬಿಟ್ಟೀತು.

ಸ್ಟಿಕ್ಕರು ಮೆತ್ತಗಾದ ಮೇಲೆ ಒಂದು ಮೂಲೆಯನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಾರ್ಡಿನಿಂದಲೋ ಎಬ್ಬಿಸಿ. ಆಮೇಲೆ ನೇರವಾಗಿ ನಿಮ್ಮ ಕಡೆಗೆ ಎಳೆಯಬೇಡಿ. ಬಾಳೆಲೆಯ ತುದಿ ಮಡಿಸಿದ ಹಾಗೆ ಹಿಂದಕ್ಕೆ ಮಡಿಸಿ, ತಗಡಿಗೆ ಒರಗಿದಂತೆಯೇ ನಿಧಾನವಾಗಿ ಎಳೆಯುತ್ತಾ ಬನ್ನಿ. ಎಲ್ಲಿ ಬಿಗಿ ಹಿಡಿಯುತ್ತದೋ ಅಲ್ಲಿ ನಿಲ್ಲಿಸಿ ಮತ್ತೆ ಬಿಸಿ ಕೊಡಿ. ಹೀಗೆ ಮಾಡಿದರೆ ಮುಕ್ಕಾಲು ಪಾಲು ಸ್ಟಿಕ್ಕರುಗಳು ಅಂಟನ್ನೂ ಜತೆಗೇ ಹೊತ್ತುಕೊಂಡು ಬರುತ್ತವೆ. ಅವಸರ ಮಾಡಿ ಕಿತ್ತರೆ ಮೇಲಿನ ಹಾಳೆ ಬರುತ್ತದೆ, ಅಂಟು ಅಲ್ಲೇ ಕೂರುತ್ತದೆ. ಕಾಗದ ಬರೆದ ಸೋದರಿಗೆ ಆದದ್ದೂ ಇದೇ.

ಉಳಿದ ಅಂಟಿಗೆ ಎಣ್ಣೆ

ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ನೆನೆಸಿ ಅಂಟಿನ ಮೇಲೆ ಹರಡಿ ಹದಿನೈದು ನಿಮಿಷ ಹಾಗೇ ಬಿಡಿ. ಆ ಹೊತ್ತಿಗೆ ಒಂದು ಲೋಟ ಕಾಫಿ ಕುಡಿದು ಬನ್ನಿ. ಆಮೇಲೆ ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಅಂಟು ಶಾವಿಗೆಯ ಹಾಗೆ ಸುರುಳಿಯಾಗಿ ಏಳುತ್ತದೆ. ಏಳದಿದ್ದರೆ ಇನ್ನೊಮ್ಮೆ ಎಣ್ಣೆ ಹಾಕಿ, ಇನ್ನೂ ಸ್ವಲ್ಪ ಹೊತ್ತು ಬಿಡಿ.

ವರ್ಷಗಟ್ಟಲೆ ಬಿಸಿಲು ತಿಂದು ಗಟ್ಟಿಯಾದ ಅಂಟಿಗೆ ಕೊಬ್ಬರಿ ಎಣ್ಣೆ ಸಾಲದೆ ಹೋಗಬಹುದು. ಆಗ ನೀಲಗಿರಿ ಎಣ್ಣೆಯನ್ನು ಬಟ್ಟೆಗೆ ನಾಲ್ಕು ಹನಿ ಹಾಕಿಕೊಂಡು ಒರೆಸಿ. ಇದು ಖಾರದ ಎಣ್ಣೆ, ಹೆಚ್ಚು ಹೊತ್ತು ಬಿಡಬಾರದು, ಹಚ್ಚಿ ಒರೆಸಿ ತೆಗೆದುಬಿಡಬೇಕು. ಕೆಲವು ಸ್ಟಿಕ್ಕರುಗಳ ಅಂಟು ಎಣ್ಣೆಗೆ ಜಗ್ಗದೆ ಸ್ಪಿರಿಟ್ಟಿಗೆ ಮಣಿಯುತ್ತದೆ. ಅಂಥದಕ್ಕೆ ಸ್ಪಿರಿಟ್ಟನ್ನು ಬಟ್ಟೆಗೆ ಹಾಕಿ ಹಗುರವಾಗಿ ಒರೆಸಿ. ಕಾರಿನ ಮೇಲೆ ನೇರ ಸುರಿಯಬೇಡಿ. ಯಾವುದನ್ನೇ ಹಚ್ಚುವ ಮೊದಲು ಬಾಗಿಲಿನ ಒಳ ಅಂಚಿನಂಥ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಸಲ ಪರೀಕ್ಷೆ ಮಾಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಕಾರಿಗೆ ಮಧ್ಯೆ ಎಂದೋ ಹೊಸದಾಗಿ ಬಣ್ಣ ಹೊಡೆಸಿದ್ದಿರಬಹುದು. ಅದಕ್ಕೆ ಅಡಿಗೆ ಎಣ್ಣೆಯೇ ಕ್ಷೇಮ, ತಡವಾದರೂ ಚಿಂತೆಯಿಲ್ಲ.

ಎಲ್ಲ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಜಿಡ್ಡು ಉಳಿದರೆ ಮಾರನೆಯ ದಿನವೇ ಅದರ ಮೇಲೆ ಧೂಳು ಕೂರುತ್ತದೆ, ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಲೋಹದಂತೆ ಹೊಳೆಯುವ ಅಕ್ಷರಗಳು

ಹಿಂದೆ ಅಂಟಿಸಿರುವ ಹೆಸರಿನ ಅಕ್ಷರ, ಲಾಂಛನಗಳು ಬೇಡವಾದರೆ ಅಥವಾ ಅರ್ಧ ಮುರಿದಿದ್ದರೆ ಅವನ್ನೂ ತೆಗೆಯಬಹುದು. ಆದರೆ ಮೊದಲು ಒಂದು ವಿಚಾರ ನೋಡಿಕೊಳ್ಳಿ. ಕೆಲವು ಲಾಂಛನಗಳಿಗೆ ಹಿಂದೆ ಮೊಳೆಯಂಥ ಕಡ್ಡಿಗಳಿದ್ದು ತಗಡಿನ ತೂತಿಗೆ ಸಿಕ್ಕಿಸಿರುತ್ತಾರೆ. ಅಂಥದನ್ನು ಕಿತ್ತರೆ ತೂತು ಉಳಿಯುತ್ತದೆ, ತೂತಿನಿಂದ ನೀರು ಒಳಗಿಳಿಯುತ್ತದೆ. ಮೆಕ್ಯಾನಿಕ್ಕನ್ನು ಕೇಳಿ, ಕಡ್ಡಿ ಇದ್ದರೆ ಅದರ ಪಾಡಿಗೆ ಬಿಟ್ಟುಬಿಡಿ.

ಬರಿಯ ಅಂಟಿನಲ್ಲಿ ನಿಂತದ್ದಾದರೆ ಮೊದಲಿನಂತೆ ಬಿಸಿ ಕೊಟ್ಟು, ನೈಲಾನ್ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು ಅಕ್ಷರಕ್ಕೂ ತಗಡಿಗೂ ನಡುವೆ ತೂರಿಸಿ, ಗರಗಸದ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ದಾರದಿಂದ ಬೇಯಿಸಿದ ಮೊಟ್ಟೆಯನ್ನೋ ಗಟ್ಟಿ ಹಲ್ವವನ್ನೋ ಕತ್ತರಿಸಿದ ಹಾಗೆ ಅಂಟು ಕತ್ತರಿಸಿಕೊಂಡು ಅಕ್ಷರ ಕಳಚಿ ಬರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ದಾರ ಇದಕ್ಕೆ ಬಹಳ ಚೆನ್ನ. ಹಿಂದೆ ಉಳಿಯುವ ಸ್ಪಂಜಿನಂಥ ಪಟ್ಟಿಗೆ ಎಣ್ಣೆ ಹಾಕಿ ನೆನೆಯಲು ಬಿಟ್ಟು ಹೆಬ್ಬೆರಳಿನಲ್ಲಿ ಉರುಳಿಸಿ ತೆಗೆಯಿರಿ.

ಮಾಡಬಾರದ ಕೆಲಸಗಳು

ಉಕ್ಕಿನ ನಾರು, ಪಾತ್ರೆ ತಿಕ್ಕುವ ಹಸಿರು ಸ್ಪಂಜು, ಸಬೀನದಂಥ ಪುಡಿ ಇವು ಕಾರಿನ ಹತ್ತಿರ ಬರಬಾರದು. ಪೇಂಟಿನ ಥಿನ್ನರ್ ಬೇಡವೇ ಬೇಡ. ಉಗುರುಬಣ್ಣ ತೆಗೆಯುವ ದ್ರವವೂ ಬೇಡ. ಅದರಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ, ಉಗುರಿನ ಬಣ್ಣ ಕರಗಿಸುವುದು ಕಾರಿನ ಬಣ್ಣವನ್ನು ಬಿಟ್ಟೀತೇ? ಪ್ಲಾಸ್ಟಿಕ್ಕಿನ ಬಂಪರ್, ಮುಂದಿನ ದೀಪದ ಮುಚ್ಚಳ ಇವುಗಳ ಮೇಲಂತೂ ಅದು ಬಿದ್ದರೆ ಮಬ್ಬುಗಟ್ಟಿ ಕಲೆ ನಿಂತುಬಿಡುತ್ತದೆ. ಅಲ್ಲೆಲ್ಲ ಎಣ್ಣೆ, ಸೋಪು, ಬೆರಳು ಇಷ್ಟೇ ಸಾಕು.

ಪೆಟ್ರೋಲಿನಲ್ಲಿ ಒರೆಸಿದರೆ ಚಿಟಿಕೆಯಲ್ಲಿ ಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಕಿವಿಗೆ ಹಾಕಿಕೊಳ್ಳಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು. ಸ್ಪಿರಿಟ್ಟೂ ನೀಲಗಿರಿ ಎಣ್ಣೆಯೂ ಬೆಂಕಿಗೆ ಬೇಗ ಹತ್ತುವಂಥವೇ. ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಸಿಗರೇಟು ಇರುವಲ್ಲಿ ಈ ಕೆಲಸ ಕೂಡದು. ಅವನ್ನು ಹಚ್ಚಿದ ಜಾಗಕ್ಕೆ ಮತ್ತೆ ಡ್ರೈಯರ್ ಹಿಡಿಯಲೂಬಾರದು. ಶೀಷೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರಡಿ ಒಣಗಿಸಿ ಆಮೇಲೆ ಬಿಸಾಡಿ.

ಬ್ಲೇಡು ಬಳಸಬಹುದಾದ ಜಾಗ ಒಂದೇ, ಗಾಜಿನ ಹೊರಮೈ. ಅದೂ ಚೆನ್ನಾಗಿ ಸೋಪಿನ ನೀರು ಹಾಕಿ, ಬ್ಲೇಡನ್ನು ಮಲಗಿಸಿದಂತೆ ಹಿಡಿದು, ಒಂದೇ ದಿಕ್ಕಿಗೆ ಮುಂದೂಡಬೇಕು. ಹಿಂದಿನ ಗಾಜಿನ ಒಳಮೈಯಲ್ಲಿ ಅಡ್ಡಡ್ಡ ಸಣ್ಣ ಗೆರೆಗಳಿದ್ದರೆ ಅವು ಮಂಜು ಕರಗಿಸುವ ವಿದ್ಯುತ್ತಿನ ಗೆರೆಗಳು. ಅಲ್ಲಿ ಬ್ಲೇಡು ತಾಗಿಸಿದರೆ ಗೆರೆ ಹರಿದುಹೋಗುತ್ತದೆ. ಅಂಥ ಕಡೆ ಎಣ್ಣೆಯೇ ಗತಿ.

ಕೀಳಬಾರದ ಚೀಟಿಗಳು

ಉತ್ಸಾಹದಲ್ಲಿ ಎಲ್ಲವನ್ನೂ ಕಿತ್ತುಬಿಡಬೇಡಿ. ಚಾಲಕನ ಬಾಗಿಲು ತೆರೆದರೆ ಕಾಣುವ ಟಯರಿನ ಗಾಳಿಯ ಪ್ರಮಾಣದ ಚೀಟಿ ಇರಲಿ. ಷಾಸಿ ನಂಬರಿನ ಪಟ್ಟಿಯನ್ನು ಮುಟ್ಟಲೇಬಾರದು. ಮುಂದಿನ ಗಾಜಿನ ಒಳಗೆ ನೋಂದಣಿ ಸಂಖ್ಯೆ ಇರುವ ಸಣ್ಣ ಬಣ್ಣದ ಚೀಟಿ ಇದ್ದರೆ, ಪೆಟ್ರೋಲ್ ಕಾರಿಗೆ ತಿಳಿನೀಲಿ, ಡೀಸೆಲ್ ಕಾರಿಗೆ ಕಿತ್ತಳೆ, ಅದು ಹೊಸ ಮಾದರಿಯ ನಂಬರ್ ಪ್ಲೇಟಿನ ಜತೆ ಬಂದ ಸರ್ಕಾರಿ ಗುರುತು. ಕಿತ್ತರೆ ಹರಿದು ಹಾಳಾಗುವಂತೆಯೇ ಅದನ್ನು ಮಾಡಿರುತ್ತಾರೆ.

ಟೋಲ್ ಕಟ್ಟುವ ಫಾಸ್ಟ್ಯಾಗ್ ಚೀಟಿ ಹಳೆಯ ಯಜಮಾನರ ಹೆಸರಿನದಾದರೆ ಮೊದಲು ಅವರಿಗೆ ಫೋನ್ ಮಾಡಿ ಅದನ್ನು ಮುಚ್ಚಿಸಲು ಹೇಳಿ. ಇಲ್ಲದಿದ್ದರೆ ನೀವು ಧರ್ಮಸ್ಥಳಕ್ಕೆ ಹೋಗಿಬಂದ ಟೋಲು ಅವರ ಖಾತೆಯಿಂದ ಹೋದೀತು! ಮುಚ್ಚಿಸಿದ ಮೇಲೆ ಅದನ್ನು ತೆಗೆದು ನಿಮ್ಮ ಹೆಸರಿನದು ಹಾಕಿಸಿ. ಆರ್‌.ಸಿ. ಪುಸ್ತಕ, ವಿಮೆ ನಿಮ್ಮ ಹೆಸರಿಗೆ ವರ್ಗವಾಗಿದೆಯೋ ಎಂದು ಆಗಲೇ ಒಮ್ಮೆ ನೋಡಿಬಿಡಿ.

ಇನ್ನು ದೇವರ ಚಿತ್ರಗಳು. ಹಿಂದಿನವರು ಭಕ್ತಿಯಿಂದ ಅಂಟಿಸಿದ ದೇವರು ನಿಮ್ಮ ಮನೆದೇವರಾಗಿರಬಹುದು, ಬೇರೆ ಧರ್ಮದ ದೇವರೂ ಆಗಿರಬಹುದು. ಇರಲೆಂದು ಅನ್ನಿಸಿದರೆ ಇರಲಿ. ತೆಗೆಯುವುದಾದರೆ ಕೈಕಾಲು ತೊಳೆದುಕೊಂಡು, ನಿಧಾನವಾಗಿ ಹರಿಯದಂತೆ ತೆಗೆದು ಒಂದು ಕಾಗದಕ್ಕೆ ಅಂಟಿಸಿ ಪುಸ್ತಕದೊಳಗೆ ಇಟ್ಟುಬಿಡಿ. ಪ್ಲಾಸ್ಟಿಕ್ ಅದು, ಹೊಳೆಗೆ ಬಿಡುವುದು ಬೇಡ. ಯಾರ ನಂಬಿಕೆಯೇ ಆದರೂ ಅದನ್ನು ಕಸದ ಬುಟ್ಟಿಗೆ ಹಾಕಲು ನಮಗೆ ಮನಸ್ಸು ಬಾರದು.

ಸ್ಟಿಕ್ಕರಿನ ನೆರಳು

ಅಂಟೆಲ್ಲ ಹೋದ ಮೇಲೂ ಕೆಲವು ಕಡೆ ಅಕ್ಷರದ ಆಕಾರ ನೆರಳಿನ ಹಾಗೆ ಉಳಿದಿರುತ್ತದೆ. ಗಾಬರಿಯಾಗಬೇಡಿ, ಅದು ಕಲೆಯಲ್ಲ. ಸುತ್ತಲಿನ ಬಣ್ಣ ವರ್ಷಾನುಗಟ್ಟಲೆ ಬಿಸಿಲಿಗೆ ಮಾಸಿದೆ, ಸ್ಟಿಕ್ಕರಿನ ಅಡಿಯಲ್ಲಿದ್ದ ಬಣ್ಣ ಹೊಸದಾಗಿಯೇ ಉಳಿದಿದೆ. ಗಡಿಯಾರ ತೆಗೆದರೆ ಮಣಿಕಟ್ಟಿನ ಮೇಲೆ ಬಿಳಿಯ ಪಟ್ಟಿ ಕಾಣುವುದಿಲ್ಲವೇ, ಹಾಗೆ. ಮೋಟಾರು ಸಾಮಾನಿನ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಒದ್ದೆ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿದರೆ ಸುತ್ತಲಿನ ಮಾಸಲು ತಿಳಿಯಾಗಿ ನೆರಳು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಇದೂ ಬಣ್ಣವನ್ನು ತುಸು ಸವೆಸುವಂಥದ್ದೇ, ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಕೊನೆಗೆ ವ್ಯಾಕ್ಸ್ ಪಾಲಿಶ್ ಹಚ್ಚಿ ಒರೆಸಿ. ಪೂರಾ ಹೋಗದಿದ್ದರೆ ಉಳಿಯಲಿ ಬಿಡಿ. ಹಳೆಯ ಕಾರೆಂದ ಮೇಲೆ ಅದಕ್ಕೂ ಒಂದು ಹಿಂದಿನ ಜನ್ಮ ಇದ್ದೇ ಇರುತ್ತದೆ.

ಸೋದರಿಯರೇ, ನಮ್ಮ ಆ ನೀಲಿ ಮಾರುತಿಯನ್ನು 2019ರಲ್ಲಿ ಮಾರಿದೆವು. ಕೊಳ್ಳುವವರು ಬರುವ ಹಿಂದಿನ ದಿನ ನಾನೊಬ್ಬಳೇ ಕೂತು, ಹಿಂದಿನ ಗಾಜಿನ ಮೇಲೆ ಅಂಟಿಸಿದ್ದ ನಮ್ಮ ಮಗಳ ಹೆಸರಿನ ಅಕ್ಷರಗಳನ್ನು ಬಿಸಿ ಟವೆಲ್ಲು, ಕೊಬ್ಬರಿ ಎಣ್ಣೆಯಲ್ಲಿ ಒಂದೊಂದಾಗಿ ಬಿಡಿಸಿದೆ. ನಮ್ಮ ಮನೆಯವರು ಬಂದು ನೋಡಿ, "ಮಾರೋ ಕಾರಿಗೆ ಯಾಕೆ ಇಷ್ಟು ಕಷ್ಟ ಪಡ್ತೀಯೆ?" ಎಂದರು. "ಅವರ ಮನೇಲೂ ಚಾಕು ಇರುತ್ತಲ್ಲ" ಎಂದೆ. ಅವರು ಮಾತಾಡಲಿಲ್ಲ. ಪಂಚೆ ಎತ್ತಿ ಕಟ್ಟಿ ಪಕ್ಕದಲ್ಲಿ ಕೂತು ತಾವೂ ಒಂದು ಅಕ್ಷರಕ್ಕೆ ಎಣ್ಣೆ ಹಚ್ಚಿದರು.

ಕೊಳ್ಳುವವರು ತೆಗೆಯಬೇಕಾದದ್ದಕ್ಕಿಂತ ಮಾರುವವರೇ ತೆಗೆದುಕೊಡುವುದು ಮೇಲು. ನೀವು ಕಾರು ಕೊಡುವ ದಿನ ಬಂದಾಗ ಇದನ್ನು ನೆನಪಿಡಿ.

ಮಿಕ್ಕ ಎಣ್ಣೆಬಟ್ಟೆಯನ್ನು ಎಸೆಯುವ ಮೊದಲು ಬಚ್ಚಲುಮನೆಯ ಕನ್ನಡಿಯ ಕಡೆ ಒಮ್ಮೆ ನೋಡಿ. ಅಲ್ಲಿ ಅಂಟಿಸಿ ಅಂಟಿಸಿ ಮರೆತ ಬಿಂದಿಗಳ ಅಂಟು ಎಷ್ಟು ದಿನದಿಂದ ಕೂತಿದೆಯೋ! ಅದೂ ಇದೇ ಎಣ್ಣೆಗೆ ಹೋಗುತ್ತದೆ. ಉಪ್ಪಿನಕಾಯಿ ತುಂಬಲೆಂದು ತೆಗೆದಿಟ್ಟ ಗಾಜಿನ ಶೀಷೆಗಳ ಚೀಟಿಗೂ ಇದೇ ಮದ್ದು. ಮಾಡಿ ನೋಡಿ, ಹೇಗಾಯಿತೆಂದು ಒಂದು ಕಾಗದ ಬರೆಯಿರಿ. ಅರಸೀಕೆರೆಯ ಸೋದರಿಯ ಕಾಗದವನ್ನಂತೂ ನಾನು ಕಾಯುತ್ತಿರುತ್ತೇನೆ.